ಸ್ಟೇಟಸ್ಸಿನ ಆಯುಷ್ಯ 24 ತಾಸು: ಆಟಗಾರರು ಅಗಲಿದಾಗ ನಮ್ಮ ನುಡಿನಮನ ಎಲ್ಲಿ ತಪ್ಪುತ್ತಿದೆ?

ಹೆಸರಾಂತ ಆಟಗಾರರೊಬ್ಬರು ತೀರಿಕೊಂಡ ಸುದ್ದಿ ಬಂದ ಅರ್ಧ ತಾಸಿನೊಳಗೆ ಸಿಂಧನೂರಿನಿಂದ ಸಂಡೂರಿನವರೆಗೆ ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೂ ಒಂದೇ ಫೋಟೊ ಇರುತ್ತದೆ. ಕೆಳಗೆ ‘ಓಂ ಶಾಂತಿ’, ಇಲ್ಲವೇ ‘ಮತ್ತೆ ಹುಟ್ಟಿ ಬನ್ನಿ’. ಸಂಜೆಗೆ ಗಂಗಾವತಿಯ ಸರ್ಕಲ್ಲಿನಲ್ಲಿ ಫ್ಲೆಕ್ಸು ಏಳುತ್ತದೆ, ಭಾನುವಾರ ಮೈದಾನದಲ್ಲಿ ಮೇಣದಬತ್ತಿ ಉರಿಯುತ್ತದೆ. ಸ್ಟೇಟಸ್ಸು 24 ತಾಸಿಗೆ ತಾನಾಗಿಯೇ ಅಳಿಸಿಹೋಗುತ್ತದೆ. ಫ್ಲೆಕ್ಸು ಮೊದಲ ಬಿರುಗಾಳಿಗೆ ಹರಿಯುತ್ತದೆ, ಹರಿಯದೆ ಉಳಿದರೆ ಯಾರದೋ ಬಣವೆಗೆ ಹೊದಿಕೆಯಾಗುತ್ತದೆ. ತಿಂಗಳು ಕಳೆದ ಮೇಲೆ ಆ ಆಟಗಾರರ ಬಗ್ಗೆ ನಮ್ಮೂರು ಏನು ನೆನಪಿಟ್ಟುಕೊಂಡಿದೆ ಎಂದು ಹುಡುಕಿದರೆ ಒಂದು ತಾರೀಖೂ ಸಿಗುವುದಿಲ್ಲ.

ಹೊಗಳಿಕೆಗಿಂತ ಹೆಸರು ದೊಡ್ಡದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಬೇಕು. ದೇಶದ ಹಲವೆಡೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು. ಆ ರಾಜ ಅಶೋಕನೇ ಎಂಬುದು ಗಟ್ಟಿಯಾದದ್ದು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರೇ ಸಿಕ್ಕಾಗ. ಬಿರುದು ಎಷ್ಟೇ ದೊಡ್ಡದಿರಲಿ, ಹೆಸರಿನ ಕೆಲಸ ಮಾಡುವುದಿಲ್ಲ. ಇಂದಿನ ನುಡಿನಮನಗಳು ‘ಕ್ರೀಡಾಲೋಕದ ಧ್ರುವತಾರೆ’, ‘ಮೈದಾನದ ಮಹಾರಾಜ’ ಎಂಬ ಬಿರುದುಗಳಿಂದ ತುಂಬಿ ತುಳುಕುತ್ತವೆ. ಯಾರು, ಯಾವಾಗ, ಎಲ್ಲಿ, ಕಂಡವರು ಯಾರು ಎಂಬ ನಾಲ್ಕು ಸಂಗತಿಗಳು ಒಟ್ಟಿಗೆ ಸಿಗುವುದು ಅಪರೂಪ.

ಮೊದಲ ತಾಸಿನ ಅವಸರ

ಮೊದಲ ತಪ್ಪು ಸುದ್ದಿಯಲ್ಲೇ ಆಗುತ್ತದೆ. 2023ರ ಆಗಸ್ಟ್ 23ರಂದು ಜಿಂಬಾಬ್ವೆ ಕ್ರಿಕೆಟ್ ತಂಡದ ಮಾಜಿ ನಾಯಕ ಹೀತ್ ಸ್ಟ್ರೀಕ್ ತೀರಿಕೊಂಡರು ಎಂಬ ಸುದ್ದಿ ಜಗತ್ತನ್ನೇ ಸುತ್ತಿತು. ಅದನ್ನು ಹಂಚಿದವರಲ್ಲಿ ಅವರ ಜೊತೆಗೇ ಆಡಿದ್ದ ಹೆನ್ರಿ ಒಲೊಂಗಾ ಕೂಡ ಇದ್ದರು. ಕೆಲವೇ ತಾಸಿನಲ್ಲಿ ಸ್ಟ್ರೀಕ್ ತಾವೇ ‘ಬದುಕಿದ್ದೇನೆ’ ಎಂದು ಹೇಳಬೇಕಾಯಿತು. ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ನಿಜವಾಗಿ ತೀರಿಕೊಂಡದ್ದು ಸೆಪ್ಟೆಂಬರ್ 3ರಂದು. ಮಿಲ್ಖಾ ಸಿಂಗ್ ವಿಷಯದಲ್ಲೂ ಹೀಗೇ ಆಗಿತ್ತು. 2021ರ ಜೂನ್ ಮೊದಲ ವಾರ ಅವರು ಚಂಡೀಗಡದ ಆಸ್ಪತ್ರೆಯಲ್ಲಿದ್ದಾಗಲೇ ‘ಮಿಲ್ಖಾ ಇನ್ನಿಲ್ಲ’ ಎಂದು ಹಬ್ಬಿ, ಅಂದಿನ ಕೇಂದ್ರ ಕ್ರೀಡಾ ಸಚಿವರೇ ಸುಳ್ಳು ಹರಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಅವರು ತೀರಿಕೊಂಡದ್ದು ಜೂನ್ 18ರ ರಾತ್ರಿ.

ಎರಡೂ ಪ್ರಕರಣಗಳ ಜಾಡು ಒಂದೇ. ಆಟಗಾರರು ಕಾಯಿಲೆಯಲ್ಲಿದ್ದಾರೆ ಎಂಬುದು ಮೊದಲೇ ಗೊತ್ತಿರುವುದರಿಂದ ಸಾವಿನ ಸುದ್ದಿಯನ್ನು ಮನಸ್ಸು ತಕ್ಷಣ ನಂಬುತ್ತದೆ. ಸ್ನೇಹಿತನ ಪೋಸ್ಟ್ ಸಿಕ್ಕರಂತೂ ಮನೆಯವರು ಹೇಳಿದಷ್ಟೇ ಖಾತ್ರಿ ಎನಿಸುತ್ತದೆ. ಆದರೆ ಆ ಸ್ನೇಹಿತ ಆಗ ಆಸ್ಪತ್ರೆಯಲ್ಲಿದ್ದನೇ, ಬೇರೆ ದೇಶದಲ್ಲಿದ್ದನೇ ಎಂದು ಯಾರೂ ಕೇಳುವುದಿಲ್ಲ. ಪರೀಕ್ಷೆ ಕಷ್ಟವೇನಲ್ಲ. ಕುಟುಂಬ, ಆಸ್ಪತ್ರೆ, ಕ್ರೀಡಾ ಸಂಸ್ಥೆ ಈ ಮೂರರಲ್ಲಿ ಒಬ್ಬರಾದರೂ ನೇರವಾಗಿ ಹೇಳಿದ್ದಾರೆಯೇ ಎಂದು ನೋಡಬೇಕು. ಹತ್ತು ವೆಬ್‌ಸೈಟ್‌ಗಳು ಬರೆದಿದ್ದರೂ ಹತ್ತೂ ಒಂದೇ ಟ್ವೀಟ್ ತೋರಿಸುತ್ತಿದ್ದರೆ ಅದು ಒಂದೇ ಮೂಲ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಬರೆದವರು ಯಾರು ಎಂಬುದು ಕಳಿಸಿದವರಿಗೂ ಗೊತ್ತಿರುವುದಿಲ್ಲ.

ಹೆಸರು ಓದುವುದರಲ್ಲೂ ಎಡವಟ್ಟಾಗುತ್ತದೆ. 2020ರ ನವೆಂಬರ್ 25ರಂದು ಫುಟ್‌ಬಾಲ್ ತಾರೆ ಡಿಯಾಗೊ ಮರಡೋನಾ ತೀರಿಕೊಂಡಾಗ ಒಂದಷ್ಟು ಮಂದಿ ಗಾಯಕಿ ಮಡೋನಾಗೆ ಶ್ರದ್ಧಾಂಜಲಿ ಸಲ್ಲಿಸಿಬಿಟ್ಟಿದ್ದರು.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಅಪಘಾತದಲ್ಲಿ ಸತ್ತವರ ಫೋಟೊ ಹಂಚುವುದು ಬೇರೆಯೇ ಮಾತು. ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ 2020ರ ಜನವರಿ 26ರಂದು ಮಗಳ ಜೊತೆ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗ, ಸ್ಥಳಕ್ಕೆ ಹೋದ ಸಿಬ್ಬಂದಿಯೇ ಫೋನಿನಲ್ಲಿ ಚಿತ್ರ ತೆಗೆದು ಹಂಚಿದರು. ಪತ್ನಿ ಕೋರ್ಟಿಗೆ ಹೋದರು, 2022ರಲ್ಲಿ ಜ್ಯೂರಿ ಅವರಿಗೆ 1.6 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಚಿತ್ರ ತೆಗೆಯುವುದನ್ನು ಅಪರಾಧವಾಗಿಸುವ ಕಾಯ್ದೆಯೂ ಬಂತು. ನಮ್ಮ ಹೆದ್ದಾರಿಗಳಲ್ಲಿ ಅಪಘಾತವಾದಾಗ ಆಂಬ್ಯುಲೆನ್ಸಿಗಿಂತ ಮೊದಲು ಮೊಬೈಲು ಮೇಲೇಳುತ್ತದೆ. ಊರಿನ ಕಬಡ್ಡಿ ಆಟಗಾರನ ಕೊನೆಯ ಚಿತ್ರ ಅವನ ತಾಯಿಗೆ ಗ್ರೂಪಿನಲ್ಲಿ ಸಿಗಬಾರದು ಎಂಬುದಕ್ಕೆ ಕಾಯ್ದೆಯೇ ಬೇಕೇ?

ವೀರಗಲ್ಲಿಗೂ ಫ್ಲೆಕ್ಸಿಗೂ ಇರುವ ಅಂತರ

ಈ ಸೀಮೆಯ ಊರುಗಳ ಹೊರಬಯಲಲ್ಲಿ, ಗುಡಿಗಳ ಮಗ್ಗುಲಲ್ಲಿ ನಿಂತಿರುವ ವೀರಗಲ್ಲನ್ನು ಒಮ್ಮೆ ನೋಡಿ. ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಲಿಂಗದ ಮುಂದೆ ಕುಳಿತ ವೀರ. ಬರಹವಿದ್ದರೆ ಅದರಲ್ಲಿ ಕಾಲ, ಯಾವ ಕಾಳಗ, ಯಾರಿಗಾಗಿ ಸತ್ತ, ಕಲ್ಲು ನಿಲ್ಲಿಸಿದವರು ಯಾರು ಎಂಬುದು ಬರುತ್ತದೆ. ಸತ್ತವನು ಏನು ಮಾಡಿದ ಎಂಬುದಕ್ಕೆ ತಳದ ಅಂಕಣವೇ ಮೀಸಲು.

ಇನ್ನು ಫ್ಲೆಕ್ಸು. 12 ಅಡಿ ಅಗಲ, 8 ಅಡಿ ಎತ್ತರದ ಫ್ಲೆಕ್ಸಿನಲ್ಲಿ ಅಗಲಿದವರ ಮುಖಕ್ಕೆ ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಶುಭಕೋರುವ ಭಂಗಿಯಲ್ಲೇ ಶೋಕಿಸುವ ಹನ್ನೆರಡು ಮುಖ. ಹುಟ್ಟುಹಬ್ಬಕ್ಕೆ ಮಾಡಿಸಿದ ಡಿಸೈನಿನಲ್ಲಿ ಅಕ್ಷರ ಮಾತ್ರ ಬದಲಾಗಿರುತ್ತದೆ, ನಗು ಹಾಗೇ ಉಳಿದಿರುತ್ತದೆ. ಹುಟ್ಟಿದ ವರ್ಷ ತಪ್ಪು, ಸಾಧನೆ ತಪ್ಪು. ಡಿ.ಟಿ.ಪಿ. ಹುಡುಗನಿಗೆ ಅರ್ಧ ತಾಸು ಕೊಟ್ಟರೆ ಗೂಗಲ್ಲಿನ ಮೊದಲ ಸಾಲು ಎತ್ತಿ ಹಾಕುತ್ತಾನೆ, ಅವನ ತಪ್ಪೇನಿಲ್ಲ. ಪಠ್ಯ ಬರೆದುಕೊಡಬೇಕಾದವರು ಬರೆದುಕೊಟ್ಟಿರುವುದಿಲ್ಲ. ಮಿಲ್ಖಾ ಅವರನ್ನೇ ತೆಗೆದುಕೊಳ್ಳಿ. ‘ಒಲಿಂಪಿಕ್ ಪದಕ ವಿಜೇತ’ ಎಂದು ಬರೆದರೆ ಅದು ಸುಳ್ಳು. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಅವರು ನಾಲ್ಕನೆಯವರು. ಕಾಮನ್‌ವೆಲ್ತ್ ಚಿನ್ನ ಗೆದ್ದದ್ದು 1958ರ ಕಾರ್ಡಿಫ್ ಕ್ರೀಡಾಕೂಟದ 440 ಗಜದ ಓಟದಲ್ಲಿ. ಪದಕ ತಪ್ಪಿದ ಆ ನಾಲ್ಕನೆಯ ಸ್ಥಾನವನ್ನು ದೇಶ ಅರವತ್ತು ವರ್ಷ ನೆನೆಯಿತು. ಇಲ್ಲದ ಪದಕ ಹಾಕಿದರೆ ಆ ಕತೆಯೇ ಸತ್ತುಹೋಗುತ್ತದೆ.

ಕಾನೂನಿನ ಮಾತು ಚುಟುಕಾಗಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರು 2016ರ ಮಾರ್ಚ್ ಅಧಿಸೂಚನೆಯಿಂದಲೇ ನಿಷೇಧದ ಪಟ್ಟಿಯಲ್ಲಿವೆ. ಸಾರ್ವಜನಿಕ ಸ್ಥಳ ವಿರೂಪಗೊಳಿಸುವುದರ ವಿರುದ್ಧ 1981ರ ಕಾಯ್ದೆ ಬೇರೆ ಇದೆ. ಬಟ್ಟೆಯ ಬ್ಯಾನರಿಗೂ ನಗರಸಭೆ ಅಥವಾ ಪಂಚಾಯಿತಿಯ ಅನುಮತಿ ಬೇಕು. ಕಾನೂನಿಗಿಂತ ಹತ್ತಿರದ ಭಯ ವಿದ್ಯುತ್ ತಂತಿಯದು. ಕೊಪ್ಪಳದ ನೆರೆಯ ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ತಂತಿ ತಗುಲಿ ಮೂವರು ಯುವಕರು ಸತ್ತರು. ಅಂಥ ಅವಘಡಕ್ಕೆ ಕಾರಣಗಳು ಎಲ್ಲೆಡೆ ಒಂದೇ: ರಾತ್ರಿಯ ಕತ್ತಲು, ಲೋಹದ ಚೌಕಟ್ಟು, ಮೇಲೆ ನೋಡದೆ ನೆಟ್ಟಗೆ ಎತ್ತುವ ಅವಸರ. ಶೋಕದ ಫ್ಲೆಕ್ಸನ್ನೂ ನಮ್ಮ ಹುಡುಗರು ಎತ್ತುವುದು ರಾತ್ರಿಯಲ್ಲೇ.

ಅವರಿಗೆ ಮಾತ್ರ ಹೊಂದುವ ಗುರುತು

ಮನಸ್ಸಿಗೆ ನಾಟಿದ ನಮನಗಳಲ್ಲೆಲ್ಲ ಆ ಆಟಗಾರರಿಗೆ ಮಾತ್ರ ಹೊಂದುವ ಏನೋ ಒಂದಿತ್ತು. 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಚೆಂಡು ತಗುಲಿ ಎರಡು ದಿನದ ನಂತರ ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ತೀರಿಕೊಂಡಾಗ, ಜನ ತಂತಮ್ಮ ಮನೆಯ ಬಾಗಿಲ ಮುಂದೆ ಒಂದು ಬ್ಯಾಟು ಒರಗಿಸಿಟ್ಟು ಫೋಟೊ ಹಾಕಿದರು. ಸ್ಕೋರ್ ಪಟ್ಟಿಯಲ್ಲಿ ಅವರ ಆ ಇನಿಂಗ್ಸ್ ‘63 ನಾಟೌಟ್’ ಎಂದೇ ದಾಖಲಾಯಿತು. 2022ರ ಮಾರ್ಚ್ 4ರಂದು ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ ಹೋದಾಗ ಮೆಲ್ಬರ್ನ್ ಮೈದಾನದ ಹೊರಗಿನ ಅವರ ಪ್ರತಿಮೆಯ ಕಾಲಬುಡದಲ್ಲಿ ಹೂವಿನ ಜೊತೆ ಬಿಯರ್ ಕ್ಯಾನು, ಸಿಗರೇಟು, ಮಾಂಸದ ಪೈ ಇಟ್ಟುಹೋದರು. ಸಂಭಾವಿತ ನಮನವೇನಲ್ಲ. ಆದರೆ ಅದು ವಾರ್ನ್ ಅವರದು ಎಂದು ಹೆಸರಿಲ್ಲದೆಯೂ ಗೊತ್ತಾಗುತ್ತಿತ್ತು. ಮೇಣದಬತ್ತಿ ಯಾರಿಗಾದರೂ ಉರಿಯುತ್ತದೆ. ಪೈಲ್ವಾನರೊಬ್ಬರು ಹೋದರೆ ಗರಡಿಮನೆಯ ಕೆಮ್ಮಣ್ಣು ಒಂದು ಹಿಡಿ, ವಾಲಿಬಾಲ್ ಆಟಗಾರನಿಗೆ ಅವನು ಕಟ್ಟುತ್ತಿದ್ದ ನೆಟ್ಟು, ಸಂಗ್ರಾಣಿ ಕಲ್ಲು ಎತ್ತುತ್ತಿದ್ದವರಿಗೆ ಅದೇ ಕಲ್ಲಿಗೆ ಒಂದು ಹಾರ. ಇಷ್ಟು ಸಾಕು.

ಸಭೆ ಮಾಡುವವರು ಗಮನಿಸಬೇಕಾದ ಕೆಲವು ಸಣ್ಣ ಸಂಗತಿಗಳಿವೆ. ಎರಡು ನಿಮಿಷದ ಮೌನ ನಮ್ಮಲ್ಲಿ ಮುಕ್ಕಾಲು ನಿಮಿಷಕ್ಕೆ ಮುಗಿಯುತ್ತದೆ, ಏಕೆಂದರೆ ಗಡಿಯಾರ ನೋಡುವವರು ಇರುವುದಿಲ್ಲ. ರೆಫ್ರಿಯೊಬ್ಬರಿಗೆ ಹೇಳಿ ಸೀಟಿಯಿಂದ ಆರಂಭ, ಸೀಟಿಯಿಂದ ಮುಕ್ತಾಯ ಮಾಡಿಸಿದರೆ ಆಟಗಾರರ ಸಭೆಗೆ ಅದೇ ಒಪ್ಪುವ ಕ್ರಮ. ಬಯಲುಸೀಮೆಯ ಸಂಜೆ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ. ಕಾಗದದ ಕಪ್ಪಿಗೆ ಅರ್ಧ ಉಸುಕು ತುಂಬಿ ನಿಲ್ಲಿಸಿದರೆ ಕೈಯೂ ಸುಡುವುದಿಲ್ಲ, ಮುಂದೆ ನಿಂತವರ ಸೆರಗಿಗೂ ತಗುಲುವುದಿಲ್ಲ. ಮೈಕು ರಾತ್ರಿ 10ಕ್ಕೆ ನಿಲ್ಲಬೇಕು. ಮಾತಾಡುವವರು ಐದೇ ಮಂದಿ ಇರಲಿ, ಒಬ್ಬೊಬ್ಬರು ಒಂದೇ ಪ್ರಸಂಗ ಹೇಳಲಿ, ಅದಕ್ಕೆ ವರ್ಷ ಮತ್ತು ಊರು ಕಡ್ಡಾಯ ಎಂದು ಮೊದಲೇ ತಿಳಿಸಿ. ವರ್ಷ ಕೇಳಿದ ಕೂಡಲೇ ಭಾಷಣ ತಾನಾಗಿ ಸಣ್ಣದಾಗುತ್ತದೆ.

ಜನ ಸಾವಿರಗಟ್ಟಲೆ ಸೇರುವ ಸಂದರ್ಭದಲ್ಲಿ ಎಡವುವುದು ಸಮಯದ ಲೆಕ್ಕದಲ್ಲಿ. ಮರಡೋನಾ ಅವರ ಅಂತಿಮ ದರ್ಶನಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಒಂದೇ ಹಗಲು ಕೊಟ್ಟರು. ಸಂಜೆ ಬಾಗಿಲು ಮುಚ್ಚುತ್ತದೆ ಎಂದಾಗ ಸಾಲಿನಲ್ಲಿದ್ದವರು ನುಗ್ಗಿದರು, ಪೊಲೀಸರ ಜೊತೆ ಘರ್ಷಣೆಯಾಗಿ ದರ್ಶನವನ್ನೇ ನಿಲ್ಲಿಸಬೇಕಾಯಿತು. ಪೆಲೆ ತೀರಿಕೊಂಡಾಗ ಸಾಂಟೋಸ್ ನಗರದ ಮೈದಾನದಲ್ಲಿ 2023ರ ಜನವರಿ 2ರ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ ಇಡೀ 24 ತಾಸು ಬಿಟ್ಟರು. ನಡುರಾತ್ರಿಗೂ ಹೋಗಿ ನೋಡಬಹುದು ಎಂದು ಗೊತ್ತಿದ್ದರೆ ಯಾರೂ ತಳ್ಳುವುದಿಲ್ಲ. ನಮ್ಮ ಕಡೆ ಸತ್ತವರ ಮನೆಯ ಮುಂದೆ ರಾತ್ರಿಯಿಡೀ ತತ್ವಪದ, ಭಜನೆ ನಡೆಯುವ ಪದ್ಧತಿಗೂ ಇದೇ ಗುಣವಿದೆ. ದೂರದ ಊರಿನವರು ಯಾವ ಬಸ್ಸಿಗೆ ಬಂದರೂ ದರ್ಶನ ಸಿಗುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಸಂಭ್ರಮದ ದಿನ. ಆದರೆ ಗೇಟಿನ ಮುಂದಿನ ನೂಕುನುಗ್ಗಲಿಗೆ ಸಂಭ್ರಮ, ಶೋಕ ಎಂಬ ಭೇದ ಗೊತ್ತಿಲ್ಲ.

ಜಗತ್ತಿನ ಬಳಿ ಇಲ್ಲದ ನೆನಪು

ವಾರ್ನ್ ಅವರ 708 ಟೆಸ್ಟ್ ವಿಕೆಟ್ಟುಗಳ ಲೆಕ್ಕ ಇಡಲು ನಾವು ಬೇಕಿಲ್ಲ, ಅದನ್ನು ಇಟ್ಟವರು ಬೇಕಾದಷ್ಟಿದ್ದಾರೆ. ಆದರೆ ಅವರ ಬೌಲಿಂಗನ್ನು ಸಿರುಗುಪ್ಪದಲ್ಲಿ, ಕುಷ್ಟಗಿಯಲ್ಲಿ ಯಾರ ಮನೆಯ ಟಿ.ವಿ.ಯಲ್ಲಿ, ಎಷ್ಟು ಮಂದಿ ಒತ್ತಿ ಕುಳಿತು ನೋಡಿದರು, ಕರೆಂಟು ಹೋದಾಗ ಯಾರು ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದರು ಎಂಬುದು ಬೇರೆಲ್ಲೂ ದಾಖಲಾಗಿಲ್ಲ. ದೂರದ ತಾರೆಗೆ ನಾವು ಕೊಡಬಹುದಾದ ಹೊಸ ನೆನಪು ಅದೊಂದೇ. ‘ಅವರು ಮಹಾನ್ ಆಟಗಾರ’ ಎಂದು ಹೇಳಿಸುವ ಬದಲು ‘ಆ ದಿನ ನೀವು ಎಲ್ಲಿದ್ರಿ?’ ಎಂದು ಕೇಳಿದರೆ ಜನ ಬಾಯಿ ಬಿಡುತ್ತಾರೆ.

ಆದರೆ ನೆನಪು ಮೋಸ ಮಾಡುತ್ತದೆ. ಶಾರ್ಜಾದಲ್ಲಿ ಸಚಿನ್ ಅವರು ವಾರ್ನ್ ಇದ್ದ ಆಸ್ಟ್ರೇಲಿಯಾವನ್ನು ಬಡಿದ ಧೂಳುಬಿರುಗಾಳಿಯ ಪಂದ್ಯ ಎಂದರೆ ‘ನಾವು ಗೆದ್ದೆವು’ ಎಂದೇ ಬಹಳ ಜನ ಹೇಳುತ್ತಾರೆ. ಬಿರುಗಾಳಿ ಬಂದದ್ದು 1998ರ ಏಪ್ರಿಲ್ 22ರಂದು. ಸಚಿನ್ 143 ಹೊಡೆದರು, ಭಾರತ ಫೈನಲ್ ತಲುಪಿತು, ಪಂದ್ಯ ಮಾತ್ರ ಸೋತಿತು. ಗೆದ್ದದ್ದು 24ರ ಫೈನಲ್, ಅದರಲ್ಲಿ ಅವರು ಹೊಡೆದದ್ದು 134. ಎರಡು ದಿನದ ಅಂತರದಲ್ಲಿ ಅದೇ ತಂಡ, ಅದೇ ಮೈದಾನ, ಎರಡು ಶತಕ. ಮನಸ್ಸು ಎರಡನ್ನೂ ಒಂದೇ ಗಂಟು ಕಟ್ಟಿಟ್ಟಿದೆ. ಹೇಳಿದವರನ್ನು ತಿದ್ದಲು ಹೋಗಬೇಡಿ, ಅವರು ಹೇಳಿದಂತೆಯೇ ರೆಕಾರ್ಡ್ ಮಾಡಿ. ಪಕ್ಕದಲ್ಲಿ ಸ್ಕೋರ್ ಪಟ್ಟಿಯ ತಾರೀಖು ಬೇರೆ ಶಾಯಿಯಲ್ಲಿ ಬರೆದಿಡಿ.

ನೆನಪಿನ ಸಂಗ್ರಹಕ್ಕೆ ಫೋನು ಸಾಕು. ಫ್ಯಾನು ಆರಿಸಿ, ಫೋನನ್ನು ಮಾತಾಡುವವರ ಎದೆಯ ಮಟ್ಟಕ್ಕೆ ಒಂದು ಅಡಿ ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲಿಡಿ, ಏರೋಪ್ಲೇನ್ ಮೋಡ್ ಹಾಕಿ. ಮೊದಲ ಹತ್ತು ಸೆಕೆಂಡಿನಲ್ಲಿ ತಾರೀಖು, ಊರು, ಹೆಸರು ನೀವೇ ಹೇಳಿಬಿಡಿ. ಫೈಲು ಎಲ್ಲಿಗೆ ಹೋದರೂ ಆ ಗುರುತು ಅದರ ಒಳಗೇ ಇರುತ್ತದೆ. ಇಪ್ಪತ್ತು ನಿಮಿಷಕ್ಕಿಂತ ಉದ್ದ ಬೇಡ, ಹಿರಿಯರಿಗೆ ದಣಿವಾಗುತ್ತದೆ. ‘ಇದನ್ನು ಬೇರೆಯವರಿಗೆ ಕೇಳಿಸಬಹುದೇ?’ ಎಂದು ಕೊನೆಗೆ ಕೇಳಿ, ಅವರ ಉತ್ತರವನ್ನೂ ರೆಕಾರ್ಡಿನಲ್ಲೇ ಉಳಿಸಿಕೊಳ್ಳಿ.

ಹೆಚ್ಚು ಹಾಳಾಗುವುದು ಹಳೆಯ ಫೋಟೊ. ಆಲ್ಬಮ್ಮಿನ ಅಂಟು ಹಾಳೆಯಿಂದ ಕಿತ್ತರೆ ಮುಖವೇ ಹರಿದು ಬರುತ್ತದೆ. ಹಲ್ಲಿನ ಸಂದಿ ತೆಗೆಯುವ ದಾರವನ್ನು ಫೋಟೊದ ಕೆಳಗೆ ತೂರಿಸಿ ಮೆಲ್ಲಗೆ ಗರಗಸದಂತೆ ಎಳೆದರೆ ಬಿಡುತ್ತದೆ. ಬಿಡದಿದ್ದರೆ ಹಾಳೆಸಮೇತ ಸ್ಕ್ಯಾನ್ ಮಾಡಿ. ಪೋಸ್ಟ್‌ಕಾರ್ಡ್ ಅಳತೆಯದಕ್ಕೆ 600 ಡಿ.ಪಿ.ಐ. (ಅಂಗುಲಕ್ಕೆ ಇಷ್ಟು ಚುಕ್ಕಿ ಎಂಬ ಲೆಕ್ಕ), ದೊಡ್ಡದಕ್ಕೆ 300 ಸಾಕು. ಸ್ಕ್ಯಾನರ್ ಇಲ್ಲವೆಂದರೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಷ್ ಇಲ್ಲದೆ ನೆಟ್ಟಗೆ ಮೇಲಿನಿಂದ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದಂತೇ ತಲುಪುತ್ತದೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆಯಿರಿ. ಪತ್ರಿಕೆಯ ತುಣುಕಿಗೆ ಲ್ಯಾಮಿನೇಷನ್ ಮಾಡಿಸುವುದು ನಮ್ಮವರ ದೊಡ್ಡ ಪ್ರೀತಿ, ದೊಡ್ಡ ತಪ್ಪು. ಆ ಬಿಸಿ, ಆ ಅಂಟು ಸೇರಿದರೆ ಕಾಗದವನ್ನು ಮುಂದೆಂದೂ ಬಿಡಿಸಲಾಗುವುದಿಲ್ಲ. ಕತ್ತರಿಸುವಾಗ ಪತ್ರಿಕೆಯ ಹೆಸರು, ತಾರೀಖು ಇರುವ ಮೇಲಂಚನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಧ ಬೆಲೆ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ನಿಲ್ಲಬೇಕಾದರೂ ಆ ತಾರೀಖೇ ಆಧಾರ.

ಈ ಕೆಲಸ ನಿಜಕ್ಕೂ ತುರ್ತಾಗಿ ಬೇಕಿರುವುದು ನಮ್ಮದೇ ಆಟಗಾರರಿಗೆ. ಕಾರಹುಣ್ಣಿಮೆಗೆ ಉಸುಕಿನ ಚೀಲ ಎತ್ತಿದವರು, ಜಾತ್ರೆಯ ಕುಸ್ತಿಯಲ್ಲಿ ಕಡಗ ಗೆದ್ದ ಉಸ್ತಾದರು, ಮೂವತ್ತು ವರ್ಷ ಕಬಡ್ಡಿ ಕಲಿಸಿದ ಪಿ.ಟಿ. ಮೇಷ್ಟ್ರು, ಇವರಿಗೆ ಸ್ಕೋರ್ ಪಟ್ಟಿಯೇ ಇಲ್ಲ. ತೋರಣಗಲ್ಲಿನ ಬಳಿ ಈಗ ಒಲಿಂಪಿಕ್ ಆಟಗಾರರು ತಯಾರಾಗುವ ಸಂಸ್ಥೆಯಿದೆ, ಅಲ್ಲಿನ ಓಟಗಳು ಕ್ಯಾಮೆರಾದಲ್ಲಿ ಉಳಿಯುತ್ತವೆ. ಇಪ್ಪತ್ತು ಕಿಲೋಮೀಟರ್ ಆಚೆಯ ಗರಡಿಮನೆಯಲ್ಲಿ ಉಸ್ತಾದರ ಫೋಟೊ ಒಂದೇ, ಅದೂ ಮಾಲೆಯ ಹಿಂದೆ ಮಸುಕಾಗುತ್ತಿದೆ. ಅವರು ಬದುಕಿರುವಾಗಲೇ ಕೂರಿಸಿ ಕೇಳಬೇಕು. ‘ಈಗೇಕೆ ಇದೆಲ್ಲ, ನಾನೇನು ಹೊಂಟೀನೇನು?’ ಎಂದು ಬೈದರೆ ಬೈಸಿಕೊಂಡರಾಯಿತು.

ಹಣ, ರಕ್ತ, ದತ್ತಿ

ಸ್ಮರಣಾರ್ಥ ರಕ್ತದಾನ ಶಿಬಿರ ಒಳ್ಳೆಯ ರೂಢಿ, ಆದರೆ ಭಾವೋದ್ವೇಗದ ಒಂದೇ ದಿನ ಇನ್ನೂರು ಜನ ಕೊಟ್ಟರೆ ರಕ್ತನಿಧಿಗೆ ಕಷ್ಟ. ಕೆಂಪುಕಣಗಳಿಗೆ 35ರಿಂದ 42 ದಿನದ ಆಯುಷ್ಯ, ಪ್ಲೇಟ್‌ಲೆಟ್ಟಿಗೆ ಐದೇ ದಿನ. ಕೊಟ್ಟ ಗಂಡಸರು ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. ಅಂದರೆ ಮುಂದಿನ ಮೂರು ತಿಂಗಳು ಆ ಊರಿನ ದಾನಿಗಳೆಲ್ಲ ಒಟ್ಟಿಗೇ ಖಾಲಿ. ರಕ್ತನಿಧಿಯವರನ್ನು ಕೇಳಿ ಐವತ್ತೈವತ್ತರಂತೆ ನಾಲ್ಕು ತಂಡ ಮಾಡಿ, ಒಂದು ತಂಡವನ್ನು ಕಾಲೇಜಿಗೆ ರಜೆಯಿದ್ದು ದಾನಿಗಳು ಸಿಗದ ಏಪ್ರಿಲ್-ಮೇ ತಿಂಗಳಿಗೆ ಮೀಸಲಿಡಿ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸುವ ಅಲೆ ಎದ್ದಿತ್ತು. ಬರೆಸಿದ ಚೀಟಿ ಪರ್ಸಿನಲ್ಲೇ ಉಳಿದರೆ ಕೆಲಸಕ್ಕೆ ಬರುವುದಿಲ್ಲ. ಸಾವಿನ ನಂತರ ಆರು ತಾಸಿನೊಳಗೆ ಕಣ್ಣು ತೆಗೆಯಬೇಕಾದ್ದರಿಂದ ಮನೆಯವರೇ ತಡಮಾಡದೆ ನೇತ್ರನಿಧಿಗೆ ಫೋನ್ ಮಾಡಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನು ಆರಿಸಬೇಕು, ತಲೆಯ ಕೆಳಗೆ ದಿಂಬು ಕೊಡಬೇಕು.

ಸ್ಮರಣಾರ್ಥ ಟೂರ್ನಮೆಂಟುಗಳು ಎರಡನೇ ವರ್ಷಕ್ಕೇ ನಿಲ್ಲಲು ಕಾರಣ ಬಹುಮಾನದ ಹಣ. 16 ತಂಡದ ನಾಕೌಟ್ ಎಂದರೆ 15 ಪಂದ್ಯ. ಎಂಟೋವರಿನ ಟೆನಿಸ್ ಬಾಲ್ ಪಂದ್ಯಕ್ಕೆ 80 ನಿಮಿಷ ಹಿಡಿದರೆ ದಿನಕ್ಕೆ ಐದರಂತೆ ಮೂರು ದಿನ. ಪ್ರವೇಶ ಶುಲ್ಕ ₹1,500 ಆದರೆ ಒಟ್ಟು ₹24,000 ಬರುತ್ತದೆ. ಪ್ರಥಮ ಬಹುಮಾನವೇ ₹50,000 ಎಂದು ಘೋಷಿಸಿದರೆ ಕೊರತೆಗೆ ಒಬ್ಬ ಮುಖಂಡರು ಬೇಕು. ಅವರು ಬಂದರೆಂದರೆ ಅಗಲಿದ ಆಟಗಾರರ ಫೋಟೊ ಮೂಲೆಗೆ ಸರಿಯುತ್ತದೆ. ಶುಲ್ಕದ ಅರ್ಧವನ್ನು ಮೀರದ ಬಹುಮಾನ, ಪ್ಲಾಸ್ಟಿಕ್ ಕಪ್ಪಿನ ಬದಲು ಕೊಪ್ಪಳದ ಕಿನ್ನಾಳ ಕಲಾವಿದರಿಂದ ಮಾಡಿಸಿದ ಒಂದು ಬಣ್ಣದ ಬೊಂಬೆ ಇಟ್ಟರೆ ಟೂರ್ನಿ ನಾಲ್ಕು ವರ್ಷ ಬಾಳುತ್ತದೆ.

ಇನ್ನೂ ಹೆಚ್ಚು ಬಾಳುವುದು ನಮ್ಮ ಹಳೆಯ ದತ್ತಿ. 12×8 ಅಡಿಯ ಫ್ಲೆಕ್ಸು ಚದರಡಿಗೆ ₹12ರಂತೆ ₹1,152. ಊರಲ್ಲಿ ಏಳುವ ಇಪ್ಪತ್ತು ಫ್ಲೆಕ್ಸಿನ ಹಣ ಸುಮಾರು ₹23,000, ಚೌಕಟ್ಟು ಸೇರಿದರೆ ₹25,000 ದಾಟುತ್ತದೆ. ಅಷ್ಟನ್ನೇ ಶೇ 6.5ರ ಬಡ್ಡಿಯ ಠೇವಣಿಯಲ್ಲಿಟ್ಟರೆ ವರ್ಷಕ್ಕೆ ₹1,625, ಒಂದು ಸರ್ಕಾರಿ ಶಾಲೆಯ ಹುಡುಗಿಗೆ ಓಟದ ಬೂಟು. ಠೇವಣಿಯನ್ನು ಒಬ್ಬರ ಹೆಸರಿನಲ್ಲಿಟ್ಟರೆ ಅವರು ಊರು ಬಿಟ್ಟ ವರ್ಷವೇ ದತ್ತಿ ಮುಗಿಯುತ್ತದೆ. ಮುಖ್ಯೋಪಾಧ್ಯಾಯರ ಹುದ್ದೆ ಮತ್ತು ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಅಧ್ಯಕ್ಷರ ಹುದ್ದೆಯ ಜಂಟಿ ಸಹಿಯಲ್ಲಿಡಿ. ಬಡ್ಡಿ ಮಾತ್ರ ತೆಗೆಯಬೇಕು ಎಂದು ಠರಾವಿನಲ್ಲಿ ಬರೆಸಿ, ಠರಾವಿನ ಪ್ರತಿಯನ್ನು ಬ್ಯಾಂಕಿಗೂ ಕೊಡಿ. ಬೂಟಿನ ಜೊತೆ ಕೊಡುವ ಪ್ರಮಾಣಪತ್ರದ ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲಿ ಆ ಆಟಗಾರರ ಬಗ್ಗೆ ನಾಲ್ಕು ಸಾಲು: ಹೆಸರು, ಹುಟ್ಟಿದ ಊರು, ಯಾವ ವರ್ಷ ಯಾವ ಮೈದಾನದಲ್ಲಿ ಏನು ಮಾಡಿದರು, ಅದನ್ನು ಕಂಡವರು ಯಾರು.